ಮನೆಯ ಯಜಮಾನ ಯಾರು? ಏಷ್ಯಾದ ಕುಟುಂಬ ಪಟ್ಟಿಗಳು ಮತ್ತು ರಾಜಕಾರಣ

ಏಷ್ಯಾದ ಬಹುಪಾಲು ಸರ್ಕಾರಗಳ ಕಣ್ಣಿಗೆ ಮೊದಲು ಬಿದ್ದದ್ದು ಮನೆ. ಒಬ್ಬೊಬ್ಬ ಪ್ರಜೆ ಬೇರೆಯಾಗಿ ಕಾಣಿಸಿದ್ದು ಎಷ್ಟೋ ಕಾಲದ ಮೇಲೆ. ಮತದಾನ ಬರುವುದಕ್ಕೆ ಶತಮಾನಗಳ ಮುಂಚೆಯೇ ಕಂದಾಯ, ಬಿಟ್ಟಿ ದುಡಿಮೆ, ಸೈನ್ಯಕ್ಕೆ ಆಳು, ಎಲ್ಲವೂ ಮನೆಯ ಲೆಕ್ಕದಲ್ಲಿ ನಡೆಯುತ್ತಿದ್ದವು. ಮನೆಗೊಬ್ಬ ಯಜಮಾನ, ಅವನ ಕೆಳಗೆ ಉಳಿದವರ ಹೆಸರು, ಪ್ರತಿ ಹೆಸರಿನ ಮುಂದೆ ಅವರು ಯಜಮಾನನಿಗೆ ಏನಾಗಬೇಕು ಎಂಬ ವಿವರ. ಹೆಂಡತಿ, ಮಗ, ಸೊಸೆ, ವಿಧವೆ ಅತ್ತಿಗೆ. ಈ ಪಟ್ಟಿ ಇವತ್ತಿಗೂ ಬದುಕಿದೆ. ಒಂದು ದೇಶದಲ್ಲಿ ಪಡಿತರ ಚೀಟಿಯಾಗಿ, ಇನ್ನೊಂದರಲ್ಲಿ ಕುಟುಂಬ ನೋಂದಣಿಯಾಗಿ, ಮತ್ತೊಂದರಲ್ಲಿ ಮತದಾರರ ಪಟ್ಟಿಯಾಗಿ.

ಕುಟುಂಬ ಮತ್ತು ರಾಜಕೀಯದ ವಿಷಯ ಬಂದಾಗ ಮಾತು ಬೇಗ ಸಂಸ್ಕೃತಿಯ ಕಡೆ ಹೊರಳುತ್ತದೆ. ಹಿರಿಯರಿಗೆ ಗೌರವ, ಕೂಡು ಕುಟುಂಬ, ಗಂಡುಮಗುವಿನ ಆಸೆ. ಇವೆಲ್ಲ ಇರುವುದು ನಿಜ. ಆದರೆ ಈ ನಡವಳಿಕೆಗಳಿಗೆ ಕಾನೂನಿನ ಬಲ ಬರುವುದು ದಫ್ತರದಲ್ಲಿ, ಮತ್ತು ಅವು ಬದಲಾಗುವುದೂ ಹೆಚ್ಚಾಗಿ ದಫ್ತರ ಬದಲಾದಾಗಲೇ. ಆದ್ದರಿಂದ ಯಾವ ದೇಶದ ಕುಟುಂಬ ಪಟ್ಟಿ ಕೈಗೆ ಸಿಕ್ಕರೂ ನಾಲ್ಕು ಪ್ರಶ್ನೆ ಕೇಳಬೇಕು. ಮೇಲಿನ ಸಾಲಿನಲ್ಲಿ ಯಾರ ಹೆಸರಿದೆ? ಹೊಸ ಹೆಸರು ಸೇರುವುದು ಹೇಗೆ? ಇದ್ದ ಹೆಸರು ಬಿಟ್ಟುಹೋಗುವುದು ಯಾವಾಗ? ಆ ಹೆಸರಿನ ಜೊತೆ ಏನು ಬರುತ್ತದೆ: ಅಕ್ಕಿಯೇ, ಹೊಲವೇ, ಶಾಲೆಯೇ, ಮತವೇ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಆ ದೇಶದ ರಾಜಕಾರಣದ ಅರ್ಧ ಭಾಗ ತಿಳಿದಂತೆ.

ಜಪಾನಿನಿಂದ ಶುರುಮಾಡೋಣ, ಏಕೆಂದರೆ ಆಧುನಿಕ ಕಾಲದಲ್ಲಿ ಈ ಪಟ್ಟಿಯನ್ನು ರಾಷ್ಟ್ರ ಕಟ್ಟುವ ಸಾಧನವಾಗಿ ಮೊದಲು ಪೂರ್ತಿ ಬಳಸಿಕೊಂಡದ್ದು ಅದೇ. 1871ರಲ್ಲಿ ಕುಟುಂಬ ನೋಂದಣಿ ಕಾನೂನು ಬಂತು, 1872ರಲ್ಲಿ ದೇಶದ ಮನೆಗಳ ಪಟ್ಟಿ ತಯಾರಾಯಿತು, 1873ರಲ್ಲಿ ಕಡ್ಡಾಯ ಸೈನಿಕ ಸೇವೆ ಜಾರಿಯಾಯಿತು. ಈ ಮೂರು ಒಂದರ ಹಿಂದೊಂದು ಬಂದದ್ದು ಆಕಸ್ಮಿಕವಲ್ಲ. ಮನೆ ಎಣಿಸದೆ ಸೈನ್ಯ ಕಟ್ಟಲಾಗದು. ಆದರೆ ಸರ್ಕಾರ ಮನೆಯನ್ನೂ ಉಳಿಸಬೇಕೆಂದುಕೊಂಡು ಯಜಮಾನನಿಗೆ, ಅವನ ಉತ್ತರಾಧಿಕಾರಿ ಮಗನಿಗೆ, ಒಬ್ಬನೇ ಮಗನಿದ್ದರೆ ಅವನಿಗೆ ಸೇವೆಯಿಂದ ವಿನಾಯಿತಿ ಕೊಟ್ಟಿತು. 270 ಯೆನ್ ಕಟ್ಟಿದವರಿಗೂ ವಿನಾಯಿತಿ ಇತ್ತು. ಸಾಮಾನ್ಯ ರೈತನಿಗೆ ಅದು ಕನಸಿನಲ್ಲೂ ಎಟುಕದ ಹಣ. ಪರಿಣಾಮ ಏನಾಯಿತು? ಎರಡನೆಯ, ಮೂರನೆಯ ಗಂಡುಮಕ್ಕಳನ್ನು ಗಂಡುಸಂತಾನವಿಲ್ಲದ ಮನೆಗಳಿಗೆ ದತ್ತು ಕೊಡುವುದು ಹೆಚ್ಚಾಯಿತು. ಕಾಗದದ ಮೇಲೆ ಹುಡುಗ ಇನ್ನೊಂದು ಮನೆಯ ವಾರಸುದಾರ, ಸೈನ್ಯಕ್ಕೆ ಹೋಗಬೇಕಾಗಿಲ್ಲ. ಸರ್ಕಾರ 1883ರಲ್ಲಿ ವಿನಾಯಿತಿಗಳನ್ನು ಬಿಗಿಮಾಡಿ, 1889ರಲ್ಲಿ ತೆಗೆದೇ ಹಾಕಿತು. ಪಟ್ಟಿಗೆ ಲಾಭವೋ ಹೊರೆಯೋ ಅಂಟಿಕೊಂಡ ಕೂಡಲೇ ಜನ ತಮ್ಮ ಮನೆಯ ಆಕಾರವನ್ನೇ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಮುಂದಿನ ಉದಾಹರಣೆಗಳಲ್ಲೂ ಇದನ್ನು ಮತ್ತೆ ಮತ್ತೆ ಕಾಣುತ್ತೇವೆ.

1898ರ ನಾಗರಿಕ ಸಂಹಿತೆ ಯಜಮಾನನಿಗೆ ಕಾನೂನಿನ ಕಿರೀಟ ತೊಡಿಸಿತು. ಮನೆಯವರು ಎಲ್ಲಿ ವಾಸಿಸಬೇಕೆಂದು ಆತ ನಿರ್ಧರಿಸಬಹುದಿತ್ತು. ಮದುವೆಗೆ ಅವನ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಮೀರಿ ಮದುವೆಯಾದವರ ಹೆಸರನ್ನು ಮನೆಯ ಪಟ್ಟಿಯಿಂದ ಹೊರಗಿಡಬಹುದಿತ್ತು. ಯಜಮಾನಿಕೆ ಸಾಮಾನ್ಯವಾಗಿ ಹಿರಿಯ ಮಗನಿಗೆ ಇಡಿಯಾಗಿ ಹೋಗುತ್ತಿತ್ತು. ಇದೇ ಆದರ್ಶವನ್ನು ಹಿಗ್ಗಿಸಿ ಇಡೀ ದೇಶ ಒಂದು ಮನೆ, ಚಕ್ರವರ್ತಿ ಅದರ ತಂದೆ ಎಂದು ಶಾಲೆಯಲ್ಲಿ ಕಲಿಸಲಾಯಿತು. ಮನೆಯಲ್ಲಿ ಪ್ರಶ್ನಿಸದೆ ಬಗ್ಗುವುದನ್ನು ಕಲಿತವನು ಬ್ಯಾರಕ್ಕಿನಲ್ಲೂ ಹಾಗೆಯೇ ಬಗ್ಗುತ್ತಾನೆ ಎಂಬ ಲೆಕ್ಕಾಚಾರ ಅದು, ಮತ್ತು ಬಹುಕಾಲ ಅದು ಕೆಲಸ ಮಾಡಿತು.

ಯುದ್ಧ ಸೋತ ಮೇಲೆ, 1947ರ ಮೇ 3ರಂದು ಜಾರಿಗೆ ಬಂದ ಸಂವಿಧಾನದ 24ನೆಯ ವಿಧಿ ಮದುವೆಗೆ ಇಬ್ಬರ ಒಪ್ಪಿಗೆಯೊಂದೇ ಆಧಾರ, ಗಂಡ ಹೆಂಡತಿ ಸಮಾನರು ಎಂದಿತು. ಅದರ ಕರಡಿಗೆ ದುಡಿದ, ಅಮೆರಿಕದ ಸೇನಾ ಆಡಳಿತದ ಸಿಬ್ಬಂದಿಯಾಗಿದ್ದ ಬಿಯಾಟೆ ಸಿರೋಟಾ ಅವರಿಗೆ ಆಗ 22 ವರ್ಷ. ಯಜಮಾನನ ಅಧಿಕಾರ ಕಾನೂನಿನಿಂದ ಹೋಯಿತು, ಆದರೆ ಪಟ್ಟಿ ಹೋಗಲಿಲ್ಲ. ಈಗಿನ ಜಪಾನಿ ಕುಟುಂಬ ನೋಂದಣಿಯಲ್ಲಿ ಗಂಡ, ಹೆಂಡತಿ, ಅವರದೇ ಉಪನಾಮದ ಮದುವೆಯಾಗದ ಮಕ್ಕಳು, ಹೀಗೆ ಎರಡು ತಲೆಮಾರು ಮಾತ್ರ ಇರುತ್ತವೆ. ಒಂದು ಪಟ್ಟಿಗೆ ಒಂದೇ ಉಪನಾಮ. ಆದ್ದರಿಂದ ಮದುವೆಯಾಗುವ ಇಬ್ಬರಲ್ಲಿ ಒಬ್ಬರು ಹೆಸರು ಬಿಡಲೇಬೇಕು. ಗಂಡನದಾಗಲಿ ಹೆಂಡತಿಯದಾಗಲಿ ಆರಿಸಬಹುದು ಎಂದು ನಾಗರಿಕ ಸಂಹಿತೆಯ 750ನೆಯ ವಿಧಿ ಹೇಳುತ್ತದೆ. ಬಿಡುವವರು ಶೇಕಡಾ ಸುಮಾರು 95ರಷ್ಟು ಪ್ರಕರಣಗಳಲ್ಲಿ ಹೆಂಡತಿಯರೇ. ಸುಪ್ರೀಂ ಕೋರ್ಟ್ 2015ರಲ್ಲಿ, ಮತ್ತೆ 2021ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಅಕ್ಷರದಲ್ಲಿ ಸಮಾನತೆ, ಆಚರಣೆಯಲ್ಲಿ ಅಸಮಾನತೆ. ಎರಡನ್ನೂ ಒಟ್ಟಿಗೆ ಹಿಡಿದಿಟ್ಟಿರುವುದು ಪಟ್ಟಿಯ ವಿನ್ಯಾಸ.

ಚೀನಾದ ಪಟ್ಟಿಯ ಮೇಲೆ ಇನ್ನೂ ಹೆಚ್ಚು ಭಾರವಿದೆ. 1958ರ ಜನವರಿಯಲ್ಲಿ ಬಂದ ಹುಕೌ ನೋಂದಣಿ ನಿಯಮ ಪ್ರತಿಯೊಬ್ಬರಿಗೂ ಎರಡು ಗುರುತು ಅಂಟಿಸಿತು: ಯಾವ ಊರಿನವರು ಎಂಬುದು ಒಂದು, ಕೃಷಿ ವರ್ಗವೋ ಕೃಷಿಯೇತರ ವರ್ಗವೋ ಎಂಬುದು ಇನ್ನೊಂದು. ಕೃಷಿಯೇತರ ಹುಕೌ ಇದ್ದವರಿಗೆ ಸರ್ಕಾರದ ಪಡಿತರ ಧಾನ್ಯ, ನೌಕರಿ, ಮನೆ, ಆಸ್ಪತ್ರೆ. ಕೃಷಿ ಹುಕೌ ಇದ್ದವರು ತಮ್ಮ ಅನ್ನ ತಾವೇ ಬೆಳೆದುಕೊಳ್ಳಬೇಕಿತ್ತು, ಜೊತೆಗೆ ನಗರಕ್ಕೂ ಧಾನ್ಯ ಕೊಡಬೇಕಿತ್ತು. ಹಳ್ಳಿಯವರು ನಗರಕ್ಕೆ ಬಂದರೆ ಪಡಿತರವಿರಲಿಲ್ಲ. ಪಡಿತರವಿಲ್ಲದೆ ನಗರದಲ್ಲಿ ಊಟವಿರಲಿಲ್ಲ. ಬೇಲಿಯ ಅಗತ್ಯವೇ ಬೀಳಲಿಲ್ಲ.

ಇದರೊಳಗಿನ ಒಂದು ಸಣ್ಣ ನಿಯಮವನ್ನು ಗಮನಿಸಿ. ಬೇರೆಲ್ಲ ವಿಷಯದಲ್ಲೂ ತಂದೆಯ ವಂಶವನ್ನೇ ಹಿಡಿಯುವ ಸಮಾಜದಲ್ಲಿ, ಮಗುವಿನ ಹುಕೌ ಮಾತ್ರ 1998ರವರೆಗೆ ತಾಯಿಯದನ್ನು ಹಿಂಬಾಲಿಸುತ್ತಿತ್ತು. ಇದು ತಾಯಿಗೆ ಕೊಟ್ಟ ಗೌರವವಾಗಿರಲಿಲ್ಲ. ನಗರದ ಗಂಡಸು ಹಳ್ಳಿಯ ಹೆಣ್ಣನ್ನು ಮದುವೆಯಾಗುವುದು ಸಾಮಾನ್ಯ, ಅದರ ತಿರುಗುಮುರುಗು ಅಪರೂಪ. ಮಗು ತಾಯಿಯ ಹುಕೌ ಪಡೆದರೆ ಅದು ಹಳ್ಳಿಯ ಲೆಕ್ಕದಲ್ಲೇ ಉಳಿಯುತ್ತದೆ, ನಗರದ ಪಡಿತರದ ಮೇಲೆ ಹೊರೆ ಬೀಳುವುದಿಲ್ಲ. ಒಂದು ಮನೆ ಎರಡು ಕಾಗದಗಳಾಗಿ ಒಡೆದು, ಅಪ್ಪ ಕಾರ್ಖಾನೆಯ ಪಟ್ಟಿಯಲ್ಲಿ, ಅಮ್ಮ ಮತ್ತು ಮಗು ಹಳ್ಳಿಯ ಪಟ್ಟಿಯಲ್ಲಿ ಇದ್ದ ಕುಟುಂಬಗಳು ಅಸಂಖ್ಯ.

1978ರ ಚಳಿಗಾಲದಲ್ಲಿ ಆನ್‌ಹುಯಿ ಪ್ರಾಂತದ ಶಿಯಾವ್‌ಗಾಂಗ್ ಹಳ್ಳಿಯ 18 ರೈತರು ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವ ಗುಟ್ಟಿನ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದರು. ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕಬೇಕೆಂಬ ಷರತ್ತೂ ಅದರಲ್ಲಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಇದೇ ಪದ್ಧತಿ ದೇಶದ ನೀತಿಯಾಯಿತು. ವಿಯೆಟ್ನಾಂ ಕೂಡ 1988ರಲ್ಲಿ ಕೃಷಿಯ ಮೂಲ ಘಟಕ ಮನೆಯೇ ಎಂದು ಒಪ್ಪಿಕೊಂಡಿತು. ಎರಡು ಕಮ್ಯುನಿಸ್ಟ್ ರಾಜ್ಯಗಳು ಸಹಕಾರ ಸಂಘವನ್ನು ಬಿಟ್ಟು ಕುಟುಂಬಕ್ಕೆ ಮರಳಿದ್ದು ಇಪ್ಪತ್ತನೆಯ ಶತಮಾನದ ದೊಡ್ಡ ತಿರುವುಗಳಲ್ಲಿ ಒಂದು. ಇಳುವರಿ ಏರಿತು, ಹಸಿವು ಇಳಿಯಿತು. ಆದರೆ ಜಮೀನು ಮನೆಯ ಹೆಸರಿಗೆ ಬಂದಾಗ ಮದುವೆಯಾಗಿ ಹೋಗುವ ಮಗಳ ಪಾಲು ಎಲ್ಲಿ ಹೋಯಿತು? ತವರಿನಲ್ಲಿ ಆಕೆಯ ಲೆಕ್ಕದ ಹೊಲ ಅಣ್ಣತಮ್ಮಂದಿರ ಬಳಿ ಉಳಿಯಿತು. ಗಂಡನ ಊರಿನಲ್ಲಿ ಹಂಚಿಕೆ ಆಗಲೇ ಮುಗಿದಿತ್ತು. ಮೂವತ್ತು ವರ್ಷದ ಗುತ್ತಿಗೆ ಅವಧಿಯಲ್ಲಿ ಹೊಸಬರಿಗೆ ಜಮೀನಿಲ್ಲ. ಗಂಡನ ಊರಿನಲ್ಲಿ ಜಮೀನು ಸಿಗುವವರೆಗೆ ತವರಿನ ಪಾಲನ್ನು ಹಿಂದಕ್ಕೆ ಪಡೆಯಬಾರದೆಂದು 2002ರ ಗ್ರಾಮೀಣ ಭೂ ಗುತ್ತಿಗೆ ಕಾನೂನು ಹೇಳಿತು. ಆದರೆ ಹಂಚಿಕೆಯನ್ನು ತೀರ್ಮಾನಿಸುವುದು ಹಳ್ಳಿಯ ಸಭೆ, ಅಲ್ಲಿ ಮದುವೆಯಾಗಿ ಹೋದವಳ ಪರ ಮಾತಾಡುವವರು ಕಡಿಮೆ. ವಿಚ್ಛೇದನವಾದರೆ ಆಕೆಗೆ ಎರಡೂ ಕಡೆ ಹೊಲವಿಲ್ಲ.

ಒಂದೇ ಮಗುವಿನ ನೀತಿಯನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಿ. ಹಳ್ಳಿಯಲ್ಲಿ ಪಿಂಚಣಿ ಇರಲಿಲ್ಲ. ಹೊಸ ಗ್ರಾಮೀಣ ಪಿಂಚಣಿ ಪ್ರಯೋಗವಾಗಿ ಶುರುವಾದದ್ದೇ 2009ರಲ್ಲಿ. ಮಗಳು ಮದುವೆಯಾಗಿ ಇನ್ನೊಂದು ಪಟ್ಟಿಗೆ ಹೋಗುತ್ತಾಳೆ. ಮುಪ್ಪಿನಲ್ಲಿ ನೋಡಿಕೊಳ್ಳಬೇಕಾದವನು ಮಗ. ಒಂದೇ ಮಗು ಎಂದರೆ ಅದು ಗಂಡೇ ಆಗಬೇಕೆಂಬ ಒತ್ತಡ ಅಲ್ಲಿಂದ ಬಂತು. 2010ರ ಜನಗಣತಿಯ ಹೊತ್ತಿಗೆ 100 ಹೆಣ್ಣುಮಕ್ಕಳಿಗೆ ಸುಮಾರು 118 ಗಂಡುಮಕ್ಕಳು ಹುಟ್ಟುತ್ತಿದ್ದರು. ಇದನ್ನು ಬರೀ ಹಳೆಯ ಮೂಢನಂಬಿಕೆ ಎಂದು ತಳ್ಳಿಹಾಕುವುದು ಆ ತಾಯಿತಂದೆಯರಿಗೆ ಮಾಡುವ ಅನ್ಯಾಯ. ಅವರ ಮುಂದಿದ್ದ ಲೆಕ್ಕ ಅಷ್ಟು ಕಠೋರವಾಗಿತ್ತು.

ಹುಕೌ ಸಡಿಲವಾಗಿದೆ, ಹೋಗಿಲ್ಲ. 2003ರಲ್ಲಿ ಗುವಾಂಗ್‌ಝೌನಲ್ಲಿ ಕಾಗದ ಇಲ್ಲದ ಕಾರಣಕ್ಕೆ ಬಂಧನಕ್ಕೊಳಗಾದ ಸುನ್ ಝಿಗಾಂಗ್ ಎಂಬ ಯುವಕ ಸತ್ತ ಮೇಲೆ, ವಲಸಿಗರನ್ನು ಹಿಡಿದು ಊರಿಗೆ ಅಟ್ಟುವ ಪದ್ಧತಿ ರದ್ದಾಯಿತು. ಕೃಷಿ, ಕೃಷಿಯೇತರ ಎಂಬ ಭೇದ ತೆಗೆಯುವ ಯೋಜನೆ 2014ರಲ್ಲಿ ಬಂತು. ದೊಡ್ಡ ನಗರಗಳ ಶಾಲೆ ಮತ್ತು ಕಾಲೇಜು ಪ್ರವೇಶ ಪರೀಕ್ಷೆಯ ವಿಷಯದಲ್ಲಿ ಮಾತ್ರ ಹುಕೌ ಇನ್ನೂ ಬಿಗಿ. ಹಾಗಾಗಿ ಅಪ್ಪ ಅಮ್ಮ ನಗರದಲ್ಲಿ ದುಡಿಯುತ್ತಾರೆ, ಮಗು ಹಳ್ಳಿಯಲ್ಲಿ ಅಜ್ಜಿಯ ಬಳಿ ಬೆಳೆಯುತ್ತದೆ.

ಇನ್ನು ಭಾರತ. ಇಲ್ಲಿ ಕುಟುಂಬದ ಮೂಲ ದಾಖಲೆ ಯಾವುದೋ ಮಂತ್ರಾಲಯದಲ್ಲಿ ತಯಾರಾದದ್ದಲ್ಲ. ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನ, ಬಂಗಾಳ ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯನ್ನು ಒಂಬತ್ತು ಶತಮಾನ ಆಳಿದೆ. ಅದರ ತಿರುಳು ಒಂದೇ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ದಾಯಭಾಗದಲ್ಲಿ ತಂದೆ ಸತ್ತ ಮೇಲಷ್ಟೇ ಹಕ್ಕು. ಮಿತಾಕ್ಷರ ತಂದೆಯ ಕೈಯನ್ನು ಕಟ್ಟಿತು, ಮಗನಿಗೆ ಬಲ ಕೊಟ್ಟಿತು, ಮಗಳನ್ನು ಹೊರಗಿಟ್ಟಿತು.

ಸ್ವತಂತ್ರ ಭಾರತದ ಮೊದಲ ದೊಡ್ಡ ರಾಜಕೀಯ ಬಿಕ್ಕಟ್ಟುಗಳಲ್ಲಿ ಒಂದು ಹುಟ್ಟಿದ್ದು ಇದರ ಸುತ್ತಲೇ. ಹಿಂದೂಗಳ ಮದುವೆ, ದತ್ತು, ಆಸ್ತಿಯ ನಿಯಮಗಳನ್ನು ತಿದ್ದುವ ಹಿಂದೂ ಸಂಹಿತೆ ಮಸೂದೆ ಮುಂದೆ ಸಾಗದಿದ್ದುದು ಮುಖ್ಯ ಕಾರಣವಾಗಿ ಅಂಬೇಡ್ಕರ್ 1951ರ ಸೆಪ್ಟೆಂಬರ್‌ನಲ್ಲಿ ಕಾನೂನು ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮಸೂದೆಯನ್ನು ತುಂಡುಮಾಡಿ 1955 ಮತ್ತು 1956ರಲ್ಲಿ ನಾಲ್ಕು ಕಾಯಿದೆಗಳಾಗಿ ಪಾಸುಮಾಡಲಾಯಿತು. ಮಿತಾಕ್ಷರದ ಕೂಡು ಆಸ್ತಿಯಲ್ಲಿ ಗಂಡುಮಕ್ಕಳಿಗಷ್ಟೇ ಇದ್ದ ಹುಟ್ಟಿನ ಹಕ್ಕನ್ನು ಮಾತ್ರ 1956ರ ಉತ್ತರಾಧಿಕಾರ ಕಾಯಿದೆ ಮುಟ್ಟದೆ ಬಿಟ್ಟಿತು. ಆ ಬಿಟ್ಟದ್ದರ ಬೆಲೆ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡೋಣ.

ತಾಯಿ ತೀರಿಕೊಂಡಿದ್ದಾರೆ. ತಂದೆ, ಒಬ್ಬ ಮಗ, ಒಬ್ಬಳು ಮಗಳು. ಪಿತ್ರಾರ್ಜಿತ ಜಮೀನು 12 ಎಕರೆ. ಹಳೆಯ ನಿಯಮದಲ್ಲಿ ತಂದೆ ಸಾಯುವ ಕ್ಷಣಕ್ಕೆ ಸ್ವಲ್ಪ ಮುಂಚೆ ವಿಭಾಗವಾಯಿತೆಂದು ಭಾವಿಸಬೇಕು. ಹಕ್ಕುಳ್ಳವರು ತಂದೆ ಮತ್ತು ಮಗ ಮಾತ್ರ, ತಲಾ 6 ಎಕರೆ. ಆಮೇಲೆ ತಂದೆಯ 6 ಎಕರೆ ಇಬ್ಬರು ಮಕ್ಕಳಿಗೆ ಸಮವಾಗಿ, ತಲಾ 3. ಒಟ್ಟು ಮಗನಿಗೆ 9, ಮಗಳಿಗೆ 3. 2005ರ ತಿದ್ದುಪಡಿಯ ನಂತರ ಮಗಳೂ ಹುಟ್ಟಿನಿಂದಲೇ ಪಾಲುದಾರಳು. ಮೊದಲ ಸುತ್ತಿನಲ್ಲಿ ತಂದೆಗೆ 4, ಮಗನಿಗೆ 4, ಮಗಳಿಗೆ 4. ತಂದೆಯ 4 ಎರಡು ಭಾಗ. ಈಗ ಇಬ್ಬರಿಗೂ 6. ಕಾಯಿದೆಯ ಒಂದು ಸೆಕ್ಷನ್ ಬದಲಾದದ್ದಕ್ಕೆ ಮಗಳ ಪಾಲು ಇಮ್ಮಡಿಯಾಯಿತು.

ಕೆಲವು ರಾಜ್ಯಗಳು ಕೇಂದ್ರಕ್ಕಿಂತ ಮೊದಲೇ ಈ ಹೆಜ್ಜೆ ಇಟ್ಟವು. ಆಂಧ್ರ 1985ರಲ್ಲಿ, ತಮಿಳುನಾಡು 1989ರಲ್ಲಿ, ಕರ್ನಾಟಕ ಮತ್ತು ಮಹಾರಾಷ್ಟ್ರ 1994ರಲ್ಲಿ. ಆದರೆ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರ ತಿದ್ದುಪಡಿ ಆ ಗೋಡೆಯನ್ನು ಕೆಡವಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲ ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಬೇಕಿಲ್ಲ ಎಂದಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ಆದ ವಿಭಾಗಗಳನ್ನು ಮತ್ತೆ ತೆರೆಯುವಂತಿಲ್ಲ. ಬಾಯಿಮಾತಿನ ಪಾಲುಪಟ್ಟಿಯನ್ನು ಕೋರ್ಟು ಸುಲಭವಾಗಿ ಒಪ್ಪುವುದಿಲ್ಲ.

ಹಾಗಿದ್ದೂ ಪಹಣಿಯಲ್ಲಿ ಹೆಣ್ಣುಮಕ್ಕಳ ಹೆಸರು ಯಾಕೆ ಕಡಿಮೆ? ತಪ್ಪುವುದು ಎರಡು ಕಡೆ. ಮೊದಲನೆಯದು ವಂಶವೃಕ್ಷ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುವವನು ಸಾಮಾನ್ಯವಾಗಿ ಊರಲ್ಲಿರುವ ಮಗ. ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷ ಕೊಡಬೇಕು. ಅದರಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟರೆ ಖಾತೆ ಗಂಡುಮಕ್ಕಳ ಹೆಸರಿಗೆ ಆಗಿಬಿಡುತ್ತದೆ. ಖಾತೆ ಎಂಬುದು ಕಂದಾಯದ ದಾಖಲೆ, ಅದರಿಂದ ಮಗಳ ಹಕ್ಕು ಸಾಯುವುದಿಲ್ಲ. ಆದರೆ ಆ ಖಾತೆ ತೋರಿಸಿ ಸಾಲ ತೆಗೆದರೆ, ಜಮೀನು ಮಾರಿದರೆ, ಆಕೆ ಕೋರ್ಟಿಗೆ ಹೋಗದೆ ವಿಧಿಯಿಲ್ಲ. ಎರಡನೆಯದು ಹಕ್ಕು ಬಿಡುಗಡೆ ಪತ್ರ. ತವರಿನ ಬಾಗಿಲು ಮುಚ್ಚದಿರಲಿ, ಹಬ್ಬಕ್ಕೆ ಕರೆಯುವವರು ಇರಲಿ ಎಂಬ ಒಂದೇ ಆಸೆಗೆ ಅಕ್ಕತಂಗಿಯರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ರುಜು ಹಾಕುತ್ತಾರೆ. ನೋಂದಣಿಯಾದ ಮೇಲೆ ಅದನ್ನು ಮುರಿಯಲು ಮೋಸವನ್ನೋ ಒತ್ತಾಯವನ್ನೋ ಸಾಬೀತುಪಡಿಸಬೇಕು, ಅದು ಬಹಳ ಕಷ್ಟ. ರುಜು ಹಾಕುವ ಮೊದಲು ತನ್ನ ಪಾಲು ಎಷ್ಟೆಂದು ಎಕರೆ ಗುಂಟೆಯಲ್ಲಿ ಕೇಳಿ ತಿಳಿದುಕೊಳ್ಳುವ ಹಕ್ಕು ಪ್ರತಿ ಮಗಳಿಗೂ ಇದೆ, ಅದನ್ನು ಬಿಟ್ಟುಕೊಡಬಾರದು.

ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಸೆಕ್ಷನ್ ಇದೆ, ಅದೇ ಉತ್ತರಾಧಿಕಾರ ಕಾಯಿದೆಯ 15ನೆಯದು. ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಆಕೆ ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಹೆತ್ತ ತಾಯಿತಂದೆಯರ ಸರದಿ ಆಮೇಲೆ. ದುಡಿದದ್ದು ಆಕೆ, ಆದರೆ ಕಾನೂನಿನ ಕಣ್ಣಲ್ಲಿ ಆಕೆ ಇನ್ನೂ ಗಂಡನ ಮನೆಯ ಪಟ್ಟಿಯಲ್ಲೇ ಇದ್ದಾಳೆ. ಇದಕ್ಕೆ ಸದ್ಯದ ಪರಿಹಾರ ಉಯಿಲು ಬರೆದಿಡುವುದು. ಬಿಳಿ ಹಾಳೆಯಲ್ಲಿ ಬರೆದು, ತನ್ನ ರುಜು ಹಾಕಿ, ಇಬ್ಬರು ಸಾಕ್ಷಿಗಳ ರುಜು ಪಡೆದರೂ ಅದು ಊರ್ಜಿತ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಆಸ್ತಿ ಹೆಣ್ಣಿನ ವಂಶದಲ್ಲಿ ಇಳಿಯುವ ಕಡೆಯೂ ಯಜಮಾನಿಕೆಯ ಪ್ರಶ್ನೆ ತಾನಾಗಿ ಬಗೆಹರಿಯುವುದಿಲ್ಲ. ತುಳುನಾಡಿನ ಅಳಿಯಸಂತಾನದಲ್ಲಿ, ಕೇರಳದ ಮರುಮಕ್ಕತ್ತಾಯದಲ್ಲಿ ಮನೆ ಹೊಲ ತಾಯಿಯಿಂದ ಮಗಳಿಗೆ ಸಾಗುತ್ತಿತ್ತು; ಇಂಡೋನೇಷ್ಯಾದ ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಜನರಲ್ಲಿ ಈಗಲೂ ಹಾಗೆಯೇ ಸಾಗುತ್ತದೆ. ಹೊರಗಿನ ವ್ಯವಹಾರದಲ್ಲಿ ಮಾತಾಡುವವನು ಹೆಚ್ಚಾಗಿ ತಾಯಿಯ ಅಣ್ಣನೋ ತಮ್ಮನೋ. ಆದರೂ ಬೀದಿಗೆ ಬೀಳುವ ಭಯವಿಲ್ಲದ ಹೆಣ್ಣಿನ ಮಾತಿಗೆ ಮನೆಯೊಳಗೆ ಇರುವ ತೂಕವೇ ಬೇರೆ.

ಪಡಿತರದ ವಿಷಯಕ್ಕೆ ಬಂದರೆ ಮನೆಯನ್ನು ಎಣಿಸುವುದಕ್ಕೂ ಆಳನ್ನು ಎಣಿಸುವುದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಲ್ಲಿ ಅಂತ್ಯೋದಯ ಚೀಟಿಗೆ ತಿಂಗಳಿಗೆ ಮನೆಯೊಂದಕ್ಕೆ 35 ಕೆ.ಜಿ. ಆದ್ಯತಾ ಚೀಟಿಗೆ ತಲೆಗೆ 5 ಕೆ.ಜಿ. ಒಂಬತ್ತು ಜನರ ಅಂತ್ಯೋದಯ ಮನೆಯಲ್ಲಿ ಒಬ್ಬರಿಗೆ 4 ಕೆ.ಜಿ.ಯೂ ಬೀಳುವುದಿಲ್ಲ, ಇಬ್ಬರೇ ಇದ್ದರೆ ತಲಾ ಹದಿನೇಳೂವರೆ. ಅತ್ಯಂತ ಬಡವರಿಗೆಂದು ಮಾಡಿದ ಚೀಟಿ ದೊಡ್ಡ ಕುಟುಂಬವನ್ನು ಶಿಕ್ಷಿಸುತ್ತದೆ. ಇದೇ ಕಾಯಿದೆಯ 13ನೆಯ ಸೆಕ್ಷನ್ ಮಾತ್ರ ಶ್ಲಾಘನೀಯ: 18 ತುಂಬಿದ ಹೆಣ್ಣುಮಕ್ಕಳಲ್ಲಿ ಹಿರಿಯಳೇ ಪಡಿತರದ ಮಟ್ಟಿಗೆ ಮನೆಯ ಯಜಮಾನಿ. ಒಂದು ಸಾಲು ಬದಲಾಯಿತು ಅಷ್ಟೇ, ಅದರ ಮೇಲೆ ಮುಂದೆ ದೊಡ್ಡ ಯೋಜನೆಗಳು ನಿಂತವು. ಕರ್ನಾಟಕದಲ್ಲಿ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ತಿಂಗಳಿಗೆ ₹2,000 ಹಾಕುವುದು ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವ ಹೆಣ್ಣಿನ ಖಾತೆಗೆ. ಅತ್ತೆ, ಇಬ್ಬರು ಸೊಸೆಯರು ಒಂದೇ ಚೀಟಿಯಲ್ಲಿದ್ದರೆ ಹಣ ಅತ್ತೆಗೆ ಮಾತ್ರ. ಚೀಟಿ ಬೇರೆ ಮಾಡಿಕೊಳ್ಳುವ ಆಸೆ ಹುಟ್ಟುವುದು ಸಹಜ. ಒಲೆ ಒಂದೇ ಇದ್ದರೂ ಕಾಗದದಲ್ಲಿ ಮನೆ ಮೂರಾಗುತ್ತದೆ, ದತ್ತು ಹೋದ ಜಪಾನಿನ ಹುಡುಗರ ಹಾಗೆಯೇ.

ಮನೆ ಎಂದರೆ ಗೋಡೆ ಸೂರು ಕೂಡ. ಅದನ್ನು ರಾಜಕಾರಣದ ಆಧಾರಸ್ತಂಭ ಮಾಡಿಕೊಂಡದ್ದು ಸಿಂಗಪುರ. 1960ರಲ್ಲಿ ವಸತಿ ಮಂಡಳಿ, 1964ರಲ್ಲಿ ಸ್ವಂತ ಮನೆ ಯೋಜನೆ, 1968ರಲ್ಲಿ ಭವಿಷ್ಯನಿಧಿಯ ಹಣದಿಂದ ಕಂತು ಕಟ್ಟಲು ಅವಕಾಶ. ಇಂದು ಅಲ್ಲಿನ ನಿವಾಸಿಗಳಲ್ಲಿ ಐವರಲ್ಲಿ ನಾಲ್ವರ ಆಸುಪಾಸು ಮಂಡಳಿಯ ಫ್ಲ್ಯಾಟುಗಳಲ್ಲಿದ್ದಾರೆ, 99 ವರ್ಷದ ಗುತ್ತಿಗೆಯ ಮೇಲೆ. ಫ್ಲ್ಯಾಟು ಬೇಕಾದರೆ ಕುಟುಂಬ ಬೇಕು. ಮದುವೆಯಾಗದವರು 35 ತುಂಬುವವರೆಗೆ ಕಾಯಬೇಕು. ಮದುವೆಯಾಗದ ತಾಯಿ ಮತ್ತು ಮಗುವನ್ನು ಬಹುಕಾಲ ಕುಟುಂಬವೆಂದು ಎಣಿಸಲಿಲ್ಲ. ತಂದೆತಾಯಿಯ ಮನೆಯ ಹತ್ತಿರ ಕೊಂಡರೆ ಸಹಾಯಧನ. 1995ರ ಕಾಯಿದೆಯಂತೆ ಮಕ್ಕಳು ನೋಡಿಕೊಳ್ಳದಿದ್ದರೆ 60 ದಾಟಿದ ತಂದೆತಾಯಿ ಜೀವನಾಂಶ ಕೇಳಬಹುದು. 1989ರಿಂದ ಪ್ರತಿ ಕಟ್ಟಡದಲ್ಲೂ ಚೀನೀ, ಮಲಯ, ಭಾರತೀಯ ಮೂಲದವರಿಗೆ ಮಿತಿ ಇದೆ. ಇದರಿಂದ ಜನಾಂಗೀಯ ಕೇರಿಗಳು ಬೆಳೆಯಲಿಲ್ಲ, ಅದರ ಜೊತೆಗೇ ಯಾವ ಅಲ್ಪಸಂಖ್ಯಾತ ಸಮುದಾಯಕ್ಕೂ ತನ್ನದೇ ಕ್ಷೇತ್ರವೂ ಉಳಿಯಲಿಲ್ಲ.

ಮತಪೆಟ್ಟಿಗೆಯವರೆಗೂ ಕುಟುಂಬ ಪಟ್ಟಿ ತಲುಪುವುದನ್ನು ನೋಡಬೇಕಾದರೆ ಲೆಬನಾನಿಗೆ ಹೋಗಬೇಕು. ಅಲ್ಲಿ ಮತದಾರ ಮತ ಹಾಕುವುದು ವಾಸಿಸುವ ಊರಿನಲ್ಲಲ್ಲ, ತನ್ನ ಕುಟುಂಬ ನೋಂದಣಿಯಾಗಿರುವ ಪೂರ್ವಜರ ಊರಿನಲ್ಲಿ. ದೇಶದ ಕೊನೆಯ ಜನಗಣತಿ ನಡೆದದ್ದು 1932ರಲ್ಲಿ. ಬೈರೂತಿನಲ್ಲಿ ಹುಟ್ಟಿ ಬೆಳೆದವರೂ ಚುನಾವಣೆಯ ದಿನ ತಾತನ ಹಳ್ಳಿಗೆ ಹೋಗಬೇಕು. ಹೋಗುವ ಖರ್ಚನ್ನು ಪಕ್ಷಗಳು ಭರಿಸುತ್ತವೆ. ಮತಗಟ್ಟೆಗಳ ಹಂಚಿಕೆಯೂ ನೋಂದಣಿಯ ಪ್ರಕಾರವೇ, ಹೀಗಾಗಿ ಒಂದು ಪೆಟ್ಟಿಗೆಯ ಫಲಿತಾಂಶ ನೋಡಿದರೆ ಯಾವ ಮನೆತನಗಳು ಯಾರ ಕಡೆ ನಿಂತವೆಂದು ಊಹಿಸಬಹುದು. 2018ರ ಚುನಾವಣೆಗೆ ಮುಂಚೆ ಸರ್ಕಾರ ಅಚ್ಚು ಮಾಡಿದ ಮತಪತ್ರವೇ ಇರಲಿಲ್ಲ; ಅಭ್ಯರ್ಥಿಗಳ ಕಡೆಯವರು ಕೊಟ್ಟ ಚೀಟಿಯನ್ನು ಜನ ಪೆಟ್ಟಿಗೆಗೆ ಹಾಕುತ್ತಿದ್ದರು. ಮದುವೆಯಾದ ಹೆಣ್ಣಿನ ನೋಂದಣಿ ಗಂಡನ ಊರಿಗೆ ವರ್ಗವಾಗುತ್ತದೆ, ಮತವೂ ಜೊತೆಗೇ ಹೋಗುತ್ತದೆ. ವಿಚ್ಛೇದನವಾದರೆ ಮತ ಮತ್ತೆ ತಂದೆಯ ಊರಿಗೆ. 1925ರ ಆದೇಶದಂತೆ ಪೌರತ್ವ ಬರುವುದು ತಂದೆಯಿಂದ. ವಿದೇಶಿಯನ್ನು ಮದುವೆಯಾದ ಲೆಬನಾನಿ ಹೆಣ್ಣಿನ ಮಕ್ಕಳು ಸ್ವಂತ ಮಣ್ಣಿನಲ್ಲೇ ಪರದೇಶಿಗಳು. ಪಂಥಗಳ ನಡುವೆ ಹಂಚಿದ 128 ಸ್ಥಾನಗಳ ಸಂಸತ್ತು ಇಂಥ ಪಟ್ಟಿಯ ಮೇಲೆ ನಿಂತಿರುವಾಗ, ಪಟ್ಟಿಯನ್ನು ಮುಟ್ಟಲು ಯಾವ ನಾಯಕನಿಗೂ ಧೈರ್ಯವಿಲ್ಲ.

ವಂಶ ರಾಜಕಾರಣದ ಬಗ್ಗೆ ನಮಗೆ ಕೋಪ ಬರುತ್ತದೆ, ಬರಬೇಕು ಕೂಡ. ಆದರೆ ಅದು ನಡೆಯುವ ಯಂತ್ರವನ್ನು ಬಿಚ್ಚಿ ನೋಡದೆ ಕೋಪದಿಂದ ಪ್ರಯೋಜನವಿಲ್ಲ. ಫಿಲಿಪ್ಪೀನ್ಸ್‌ನ 1987ರ ಸಂವಿಧಾನ ರಾಜಕೀಯ ವಂಶಗಳನ್ನು ನಿಷೇಧಿಸುತ್ತದೆ, ಆದರೆ ವಂಶ ಎಂದರೇನು ಎಂಬುದನ್ನು ಕಾನೂನು ನಿರ್ಧರಿಸಲಿ ಎಂದು ಸಂಸತ್ತಿಗೆ ಬಿಟ್ಟಿತು. ಆ ಸಂಸತ್ತಿನಲ್ಲಿ ಕುಳಿತವರು ಬಹುಪಾಲು ಅಂಥ ಮನೆತನಗಳವರೇ, ಮೂರು ದಶಕ ಕಳೆದರೂ ಅವರು ಕಾನೂನು ಮಾಡಲಿಲ್ಲ. ಅದೇ ಸಂವಿಧಾನ ಸ್ಥಳೀಯ ಹುದ್ದೆಗಳಿಗೂ ಕೆಳಮನೆಗೂ ಸತತ ಮೂರು ಅವಧಿಯ ಮಿತಿ ಹಾಕಿತು. ವಂಶವನ್ನು ತಡೆಯಬೇಕಿದ್ದ ಈ ಮಿತಿಯೇ ವಂಶವನ್ನು ಹಿಗ್ಗಿಸಿತು: ಒಂಬತ್ತು ವರ್ಷ ಮುಗಿದಾಗ ಮೇಯರ್ ತನ್ನ ಸ್ಥಾನಕ್ಕೆ ಹೆಂಡತಿಯನ್ನೋ ಮಗನನ್ನೋ ನಿಲ್ಲಿಸುತ್ತಾನೆ, ತಾನು ಇನ್ನೊಂದು ಹುದ್ದೆಗೆ ಹೋಗುತ್ತಾನೆ. ಮೊದಲು ಒಬ್ಬನಿದ್ದ ಕಡೆ ಈಗ ಮೂವರು. 2016ರಲ್ಲಿ ಯುವ ಪರಿಷತ್ತಿನ ಕಾನೂನಿನಲ್ಲಿ ಮಾತ್ರ ಚುನಾಯಿತರ ಎರಡನೆಯ ಹಂತದವರೆಗಿನ ಬಂಧುಗಳು ನಿಲ್ಲುವಂತಿಲ್ಲ ಎಂಬ ನಿಯಮ ಬಂತು. ವ್ಯಾಖ್ಯೆ ಬರೆಯಲು ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ.

ಜಪಾನಿನಲ್ಲಿ ಹಾದಿ ಬೇರೆ. ನಾಯಕನ ಸ್ವಂತ ಬೆಂಬಲಿಗರ ಸಂಘ, ಊರಿಗೆ ಪರಿಚಿತವಾದ ಹೆಸರು, ರಾಜಕೀಯ ನಿಧಿ, ಈ ಮೂರೂ ಮಗನಿಗೆ ದಾಟುತ್ತವೆ, ನಿಧಿಯ ಮೇಲೆ ವಾರಸಾ ತೆರಿಗೆಯೂ ಬೀಳುವುದಿಲ್ಲ. ಪ್ರಧಾನಿಯಾಗಿದ್ದ ಶಿಂಜೋ ಅಬೆ, ಅವರಿಗಿಂತ ಹಿಂದೆ ಪ್ರಧಾನಿಯಾಗಿದ್ದ ನೊಬುಸುಕೆ ಕಿಶಿಯವರ ಮೊಮ್ಮಗ. ಇಂಡೋನೇಷ್ಯಾದಲ್ಲಿ 2023ರ ಅಕ್ಟೋಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ವಯಸ್ಸಿನ ನಿಯಮ ಸಡಿಲಿಸಿ ಆಗಿನ ಅಧ್ಯಕ್ಷ ಜೋಕೊ ವಿಡೊಡೊ ಅವರ 36 ವರ್ಷದ ಮಗ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಲು ದಾರಿಮಾಡಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅಧ್ಯಕ್ಷರ ತಂಗಿಯ ಗಂಡ. ನೈತಿಕ ಸಮಿತಿ ಅವರನ್ನು ಆ ಸ್ಥಾನದಿಂದ ಇಳಿಸಿತು, ತೀರ್ಪು ಮಾತ್ರ ಉಳಿಯಿತು.

ಏಷ್ಯಾದಲ್ಲಿ ಹೆಣ್ಣುಮಕ್ಕಳು ಬೇಗ ಪ್ರಧಾನಿ, ಅಧ್ಯಕ್ಷರಾದರು ಎಂಬ ಹೆಮ್ಮೆಯನ್ನೂ ಇಲ್ಲಿಟ್ಟು ನೋಡಬೇಕು. ಶ್ರೀಲಂಕಾದ ಸಿರಿಮಾವೊ ಬಂಡಾರನಾಯಕೆ 1960ರಲ್ಲಿ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು, ಗಂಡನ ಹತ್ಯೆಯಾದ ಮರುವರ್ಷ. ಫಿಲಿಪ್ಪೀನ್ಸ್‌ನ ಅಧ್ಯಕ್ಷೆಯಾದ ಕೊರಾಜಾನ್ ಅಕ್ವಿನೊ, ಬೆನಜೀರ್ ಭುಟ್ಟೊ, ಖಲೀದಾ ಜಿಯಾ, ಶೇಖ್ ಹಸೀನಾ, ಎಲ್ಲರ ಹಿಂದೆಯೂ ಕೊಲೆಯಾದ ಅಥವಾ ಗಲ್ಲಿಗೇರಿದ ಗಂಡನೋ ತಂದೆಯೋ ಇದ್ದಾರೆ. ಇವರ ಧೈರ್ಯ ದೊಡ್ಡದು. ಆದರೆ ಬಾಗಿಲು ತೆರೆದದ್ದು ಮನೆತನದ ಹೆಸರಿಗೆ, ಹೆಣ್ಣಿಗಲ್ಲ. ಆರು ದಶಕಗಳ ನಂತರ, 2020ರ ಶ್ರೀಲಂಕಾ ಸಂಸತ್ತಿನ 225 ಸದಸ್ಯರಲ್ಲಿ ಹೆಣ್ಣುಮಕ್ಕಳು ಹನ್ನೆರಡೇ.

ಹಾಗಾದರೆ ಇಂಥ ಪಟ್ಟಿಯನ್ನು ಬದಲಿಸಿದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ವಿಯೆಟ್ನಾಂ 2022ರ ಕೊನೆಗೆ ಕಾಗದದ ಕುಟುಂಬ ಪುಸ್ತಕವನ್ನು ಕೈಬಿಟ್ಟು ವ್ಯಕ್ತಿಗಳ ದತ್ತಾಂಶಕ್ಕೆ ಹೋಯಿತು. ಆದರೆ ಆಳವಾಗಿ ಅಧ್ಯಯನ ಮಾಡಬೇಕಾದದ್ದು ದಕ್ಷಿಣ ಕೊರಿಯಾವನ್ನು.

ಜಪಾನಿನ ವಸಾಹತು ಆಡಳಿತ ಬಿಟ್ಟುಹೋದ ಯಜಮಾನ ಪದ್ಧತಿಯನ್ನು ಕೊರಿಯಾದ 1960ರ ನಾಗರಿಕ ಸಂಹಿತೆ ಮುಂದುವರಿಸಿತು. ಯಜಮಾನ ಸತ್ತರೆ ಸ್ಥಾನ ಮೊದಲು ಗಂಡುಮಕ್ಕಳಿಗೆ, ಆಮೇಲೆ ಮದುವೆಯಾಗದ ಮಗಳಿಗೆ, ಆಮೇಲೆ ಹೆಂಡತಿಗೆ, ಆಮೇಲೆ ತಾಯಿಗೆ. ಮೂರು ವರ್ಷದ ಹುಡುಗ ತನ್ನ ತಾಯಿಗೂ ಅಜ್ಜಿಗೂ ಯಜಮಾನನಾಗುತ್ತಿದ್ದ. ವಿಚ್ಛೇದನದ ನಂತರ ಮಗುವನ್ನು ಸಾಕುವ ತಾಯಿಯ ನಿವಾಸ ದಾಖಲೆಯಲ್ಲಿ ಆಕೆಯದೇ ಮಗು ‘ಜೊತೆಗೆ ವಾಸಿಸುವವರು’ ಎಂದು ಬರುತ್ತಿತ್ತು. ದೇಶದ ಮೊದಲ ಮಹಿಳಾ ವಕೀಲೆ ಲೀ ತೇ ಯಂಗ್ 1956ರಲ್ಲಿ ಕಾನೂನು ನೆರವು ಕೇಂದ್ರ ತೆರೆದು ಈ ಹೋರಾಟಕ್ಕೆ ಬುನಾದಿ ಹಾಕಿದರು. ಗೆಲುವು ಕಂತುಕಂತಾಗಿ ಬಂತು. 1989ರ ತಿದ್ದುಪಡಿ ಯಜಮಾನನ ಅಧಿಕಾರ ಕತ್ತರಿಸಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 1997ರಲ್ಲಿ ಒಂದೇ ಕುಲದ, ಒಂದೇ ಉಪನಾಮದವರ ಮದುವೆ ನಿಷೇಧ ಬಿದ್ದಿತು. 2005ರ ಫೆಬ್ರವರಿ 3ರಂದು ಸಾಂವಿಧಾನಿಕ ನ್ಯಾಯಾಲಯ ಯಜಮಾನ ಪದ್ಧತಿಯೇ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ಮುಂದಿನ ತಿಂಗಳೇ ಸಂಸತ್ತು ಅದನ್ನು ತೆಗೆಯಿತು. ಹೊಸ ವ್ಯವಸ್ಥೆ ಸಿದ್ಧವಾಗಲು ಸುಮಾರು ಮೂರು ವರ್ಷ ಬೇಕಾಯಿತು; ಜಾರಿಯಾದದ್ದು 2008ರ ಜನವರಿ 1ರಂದು.

ಹೊಸ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಅವರದೇ ದಾಖಲೆ, ಮೇಲಿನ ಸಾಲಿನಲ್ಲಿ ಅವರದೇ ಹೆಸರು. ಅದರಿಂದ ಐದು ಬಗೆಯ ಪ್ರಮಾಣಪತ್ರ ಪಡೆಯಬಹುದು: ಮೂಲ ವಿವರ, ಕುಟುಂಬ ಸಂಬಂಧ, ಮದುವೆ, ದತ್ತು, ಪೂರ್ಣ ದತ್ತು. ಯಾವ ಕೆಲಸಕ್ಕೆ ಯಾವುದು ಬೇಕೋ ಅಷ್ಟೇ ತೋರಿಸಿದರೆ ಸಾಕು ಎಂಬುದು ಉದ್ದೇಶ. ಮೊದಲಿಗೆ ಇದೂ ಎಡವಿತು. ಪ್ರಮಾಣಪತ್ರದಲ್ಲಿ ಹಿಂದಿನ ಮದುವೆ, ವಿಚ್ಛೇದನದ ವಿವರಗಳೆಲ್ಲ ಬರುತ್ತಿದ್ದವು, ಕೇಳಿದವರ ಕೈಗೆಲ್ಲ ಅವು ಸಿಗುತ್ತಿದ್ದವು. ಆಮೇಲೆ ಈಗಿನ ಸ್ಥಿತಿ ಮಾತ್ರ ತೋರಿಸುವ ಸಾಮಾನ್ಯ ಪ್ರತಿ, ಎಲ್ಲ ತೋರಿಸುವ ವಿವರ ಪ್ರತಿ ಎಂದು ಬೇರೆ ಮಾಡಿದರು.

ಹುಟ್ಟಿನ ಲೆಕ್ಕ ನೋಡಿ. ಕೊರಿಯಾದಲ್ಲಿ 1990ರಲ್ಲಿ 100 ಹೆಣ್ಣಿಗೆ 116ಕ್ಕೂ ಹೆಚ್ಚು ಗಂಡುಮಕ್ಕಳು ಹುಟ್ಟುತ್ತಿದ್ದರು. 2007ರ ಹೊತ್ತಿಗೆ ಅದು 106ರ ಸುಮಾರು, ಅಂದರೆ ಸಹಜ ಮಟ್ಟ. ಪಿಂಚಣಿ, ನಗರದ ನೌಕರಿ, ಹೆಣ್ಣುಮಕ್ಕಳ ಓದು, ಭ್ರೂಣಲಿಂಗ ಪತ್ತೆಯ ನಿಷೇಧ, ಎಲ್ಲದರ ಪಾಲೂ ಇದರಲ್ಲಿದೆ. ಮಗನಿಲ್ಲದಿದ್ದರೆ ಪಟ್ಟಿಯೇ ಅಳಿಸಿಹೋಗುತ್ತದೆ ಎಂಬ ಭಯ ಕರಗಿದ್ದೂ ಅದರ ಜೊತೆಗೇ.

ಕೆಲಸ ಮುಗಿದಿಲ್ಲ. 2023ರಲ್ಲಿ ಕೊರಿಯಾದ ಒಟ್ಟು ಫಲವಂತಿಕೆ ದರ 0.72ಕ್ಕೆ ಇಳಿಯಿತು. ಮದುವೆಯಾಗದೆ ಮಗು ಹೆರುವುದು ಅಲ್ಲಿ ಇನ್ನೂ ಅಪರೂಪ, ಮದುವೆ ಎಂದರೆ ಹೆಣ್ಣಿಗೆ ಇನ್ನೂ ಗಂಡನ ಮನೆಯ ದುಡಿಮೆ. ಮಗುವಿಗೆ ತಂದೆಯ ಉಪನಾಮವೇ ಮೊದಲು ಎಂಬ ನಿಯಮ ನಾಗರಿಕ ಸಂಹಿತೆಯ 781ನೆಯ ವಿಧಿಯಲ್ಲಿ ಹಾಗೆಯೇ ಉಳಿದಿದೆ. ತಾಯಿಯ ಹೆಸರು ಬೇಕಾದರೆ ಮಗು ಹುಟ್ಟಿದಾಗ ಹೇಳಿದರೆ ಸಾಲದು. ಮದುವೆ ನೋಂದಣಿ ಅರ್ಜಿಯಲ್ಲೇ ಅದಕ್ಕೊಂದು ಪ್ರಶ್ನೆ ಇದೆ, ಅಲ್ಲಿ ‘ಹೌದು’ ಎಂದು ಗುರುತು ಹಾಕಿ ಇಬ್ಬರೂ ಒಪ್ಪಂದ ಕೊಡಬೇಕು. ಮದುವೆಯ ಸಡಗರದಲ್ಲಿ, ಇನ್ನೂ ಹುಟ್ಟದ ಮಗುವಿನ ವಿಷಯವೆಂದು, ಹೆಚ್ಚಿನವರು ‘ಇಲ್ಲ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಆಮೇಲೆ ಮನಸ್ಸು ಬದಲಾದರೆ ಕುಟುಂಬ ನ್ಯಾಯಾಲಯಕ್ಕೆ ಹೋಗಬೇಕು. 2020ರಲ್ಲಿ ಅಲ್ಲಿನ ಕಾನೂನು ಸಚಿವಾಲಯದ ಸಮಿತಿಯೊಂದು ತಂದೆಯ ಹೆಸರಿಗೆ ಇರುವ ಈ ಆದ್ಯತೆಯನ್ನು ಕೈಬಿಡಲು ಶಿಫಾರಸು ಮಾಡಿತು.